ದಿನಸಿ ಅಂಗಡಿಯಲ್ಲಿ ಒಳ್ಳೆಯ ಶರ್ಕರಪಿಷ್ಟದ ಆಯ್ಕೆ

ಅಕ್ಕಿ, ರಾಗಿ, ಜೋಳ, ಗೋಧಿ, ರವೆ, ಅವಲಕ್ಕಿ, ಸಕ್ಕರೆ, ಬಿಸ್ಕತ್ತು ಎಲ್ಲವೂ ಸೇರಿದರೆ ತಿಂಗಳ ದಿನಸಿ ಚೀಟಿಯ ಬಹುಪಾಲು ಶರ್ಕರಪಿಷ್ಟವೇ, ಅಂದರೆ ಕಾರ್ಬೋಹೈಡ್ರೇಟೇ. ಇದರ ಒಂದು ಗ್ರಾಂನಿಂದ ದೇಹಕ್ಕೆ ಸುಮಾರು 4 ಕಿಲೋಕ್ಯಾಲರಿ ಶಕ್ತಿ ಸಿಗುತ್ತದೆ. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಇದೇ ಸಮೀಕ್ಷೆ 2023ರಲ್ಲಿ ಅಂದಾಜಿಸಿತ್ತು. ಹಾಗೆಂದು ಅನ್ನ, ಮುದ್ದೆ, ರೊಟ್ಟಿಗಳನ್ನು ಬಿಡಬೇಕಾಗಿಲ್ಲ. ಯಾವ ಧಾನ್ಯ, ಯಾವ ರೂಪದಲ್ಲಿ, ಎಷ್ಟು ಎಂಬುದನ್ನು ಕೊಳ್ಳುವಾಗಲೇ ಯೋಚಿಸಬೇಕು.

ಶರ್ಕರಪಿಷ್ಟದಲ್ಲಿ ಮೂರು ಬಗೆ: ಸಕ್ಕರೆ, ಪಿಷ್ಟ, ನಾರು. ಸಕ್ಕರೆ ಬೇಗ ರಕ್ತ ಸೇರುತ್ತದೆ. ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ಅದು ಪಿಷ್ಟದ ಜೀರ್ಣಕ್ರಿಯೆಯನ್ನು ನಿಧಾನಗೊಳಿಸುತ್ತದೆ, ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ, ದೊಡ್ಡ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಧಾನ್ಯದ ಕಾಳಿನಲ್ಲಿ ಹೊರಗೆ ತವುಡು, ಒಂದು ಮೂಲೆಯಲ್ಲಿ ಮೊಳಕೆಯ ಭಾಗ, ಒಳಗೆ ಪಿಷ್ಟದ ತಿರುಳು ಇರುತ್ತದೆ. ನಾರು, ಬಿ ಗುಂಪಿನ ವಿಟಮಿನ್ ಮತ್ತು ಖನಿಜಗಳ ದೊಡ್ಡ ಪಾಲು ಮೊದಲೆರಡರಲ್ಲಿದೆ. ಪಾಲಿಶ್ ಮಾಡಿದಾಗ ಹೋಗುವುದೂ ಅವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಮೈದಾದಲ್ಲಿ 3 ಗ್ರಾಂಗೂ ಕಡಿಮೆ. ಪಾಲಿಶ್ ಅಕ್ಕಿಯದೂ ಹೆಚ್ಚುಕಡಿಮೆ ಮೈದಾದಷ್ಟೇ. ರಾಗಿಯಲ್ಲಿ 11 ಗ್ರಾಂ, ಜೋಳದಲ್ಲಿ 10 ಗ್ರಾಂ ಇದೆ.

ರಾಗಿಗೆ ಇನ್ನೊಂದು ಅನುಕೂಲವಿದೆ. ಕಾಳು ಬಹಳ ಚಿಕ್ಕದು, ಸಿಪ್ಪೆ ಒಳಭಾಗಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ ಗಿರಣಿಯಲ್ಲಿ ಬೀಸಿದಾಗ ಸಾಮಾನ್ಯವಾಗಿ ಸಿಪ್ಪೆಸಮೇತ ಹಿಟ್ಟಾಗುತ್ತದೆ. ನವಣೆ, ಸಾಮೆ, ಹಾರಕದಂಥ ಸಿರಿಧಾನ್ಯಗಳ ಹೊಟ್ಟನ್ನು ತೆಗೆಯಲೇಬೇಕು. ಆ ನೆಪದಲ್ಲಿ ತವುಡನ್ನೂ ಉಜ್ಜಿ ತೆಗೆದ ಅಕ್ಕಿ ಮಾರುಕಟ್ಟೆಗೆ ಬರುವುದುಂಟು. ತೀರಾ ಬೆಳ್ಳಗೆ ಹೊಳೆಯುವುದಕ್ಕಿಂತ ತುಸು ಮಂಕಾದ, ಪಾಲಿಶ್ ಮಾಡದ ಕಾಳು ಒಳ್ಳೆಯದು. ಕರಾವಳಿಯ ಕೆಂಪು ಕುಚ್ಚಲಕ್ಕಿಯೂ ಉತ್ತಮ ಆಯ್ಕೆ. ಭತ್ತವನ್ನು ಕುದಿಸಿ ಒಣಗಿಸುವಾಗ ತವುಡಿನ ಬಿ ವಿಟಮಿನ್‌ಗಳ ಒಂದಂಶ ಕಾಳಿನೊಳಗೆ ಇಳಿಯುತ್ತದೆ. ತವುಡಿನಲ್ಲಿ ಎಣ್ಣೆಯಂಶ ಇರುವುದರಿಂದ ಪಾಲಿಶ್ ಮಾಡದ ಧಾನ್ಯ ಬೇಗ ಕಮಟುತ್ತದೆ. ಅದನ್ನು ಸ್ವಲ್ಪ ಸ್ವಲ್ಪವಾಗಿಯೇ ಕೊಳ್ಳಬೇಕು.

ಪೊಟ್ಟಣದ ಆಹಾರದಲ್ಲಿ ಮುಂಬದಿಯ ಚಿತ್ರಕ್ಕಿಂತ ಹಿಂಬದಿಯ ಪಟ್ಟಿ ಮುಖ್ಯ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಕಂದು ಬಣ್ಣದ ಬ್ರೆಡ್ಡಿನ ಪಟ್ಟಿಯಲ್ಲಿ ಮೊದಲಿಗೆ ‘ಸಂಸ್ಕರಿಸಿದ ಗೋಧಿ ಹಿಟ್ಟು’ ಎಂದಿದ್ದರೆ ಅದು ಮೈದಾ. ಅದರ ಬಣ್ಣ ಕ್ಯಾರಮೆಲ್‌ನಿಂದ ಬಂದಿರಬಹುದು; ‘150’ರಿಂದ ಶುರುವಾಗುವ ಬಣ್ಣದ ಸಂಖ್ಯೆ ಅದರ ಗುರುತು. ಸಿರಿಧಾನ್ಯದ ಬಿಸ್ಕತ್ತು, ನೂಡಲ್ಸ್, ರಾಗಿ ಮಾಲ್ಟ್ ಪುಡಿಗಳಿಗೂ ಇದೇ ಪರೀಕ್ಷೆ: ಮೈದಾ ಅಥವಾ ಸಕ್ಕರೆ ಮೊದಲಿದ್ದರೆ ಹೆಸರಿಗಷ್ಟೇ ರಾಗಿ.

ಪೊಟ್ಟಣದ ಪೋಷಕಾಂಶಗಳ ಪಟ್ಟಿಯಲ್ಲಿ ‘ಸೇರಿಸಿದ ಸಕ್ಕರೆ’ಯ ಪ್ರಮಾಣವನ್ನೂ ನೋಡಬೇಕು. 100 ಗ್ರಾಂ ಬಿಸ್ಕತ್ತಿನಲ್ಲಿ 25 ಗ್ರಾಂ ಎಂದಿದ್ದರೆ 60 ಗ್ರಾಂನ ಪೊಟ್ಟಣ ಮುಗಿಸಿದವರ ಹೊಟ್ಟೆಗೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ಸಕ್ಕರೆ ಹೋಗುತ್ತದೆ. ಇಂಥ ಸಕ್ಕರೆ ದಿನದ ಶಕ್ತಿಯ ಶೇ 10ನ್ನು ಮೀರಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2,000 ಕಿಲೋಕ್ಯಾಲರಿಯ ಊಟ ಮಾಡುವವರಿಗೆ ಶೇ 5 ಎಂದರೆ 25 ಗ್ರಾಂ. ಬೆಲ್ಲ ಮತ್ತು ಜೇನುತುಪ್ಪವೂ ಈ ಲೆಕ್ಕಕ್ಕೆ ಸೇರುತ್ತವೆ. ಹಣ್ಣಿನ ರಸವೂ ಅಷ್ಟೇ. ಇಡೀ ಹಣ್ಣು ಸೇರುವುದಿಲ್ಲ, ಏಕೆಂದರೆ ಅದರಲ್ಲಿ ನಾರು ಉಳಿದಿರುತ್ತದೆ.

ಧಾನ್ಯ ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಶರ್ಕರಪಿಷ್ಟದ ಒಟ್ಟು ಪ್ರಮಾಣ ಇಳಿಸದೆ ಪಾಲಿಶ್ ಧಾನ್ಯದ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದವರಲ್ಲಿ ಮಧುಮೇಹದ ಅಪಾಯ ಕಡಿಮೆಯಾಗಿದ್ದು ಕಂಡುಬರಲಿಲ್ಲ ಎಂದು 2025ರ ಅದೇ ವರದಿ ಹೇಳುತ್ತದೆ. ಶರ್ಕರಪಿಷ್ಟದ ಒಂದು ಪಾಲಿಗೆ ಬದಲಾಗಿ ಬೇಳೆಕಾಳು ಅಥವಾ ಹಾಲು–ಮೊಸರಿನ ಪ್ರೋಟೀನ್ ಇದ್ದ ಊಟದಲ್ಲಿ ಆ ಅಪಾಯ ಕಡಿಮೆಯಿತ್ತು. ಧಾನ್ಯಗಳಿಂದ ಬರುವ ಶಕ್ತಿ ಶೇ 45ಕ್ಕೆ ಸೀಮಿತವಾಗಿರಲಿ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಸೂಚಿಸುತ್ತದೆ.

ಆದ್ದರಿಂದ ಚೀಟಿಯಲ್ಲಿ ಅಕ್ಕಿಯ ಪ್ರಮಾಣ ತುಸು ತಗ್ಗಿಸಿ ಹೆಸರುಕಾಳು, ಹುರುಳಿ, ಅಲಸಂದೆ, ಕಡಲೆಕಾಳುಗಳನ್ನು ಹೆಚ್ಚಿಸುವುದು ಸರಿಯಾದ ದಾರಿ. ಇಲ್ಲಿಯೂ ಇಡೀ ಕಾಳೇ ಮೇಲು: 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ ನಾರಿದ್ದರೆ ಸಿಪ್ಪೆ ತೆಗೆದ ಹೆಸರುಬೇಳೆಯಲ್ಲಿ 9 ಗ್ರಾಂ ಮಾತ್ರ. ಮಧುಮೇಹ ಇರುವವರು ಮಾತ್ರ ಯಾವ ಧಾನ್ಯವನ್ನು ಎಷ್ಟು ತಿನ್ನಬೇಕೆಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.