ಫೈರಿಷ್ ಗುಡ್ಡದ ಕಮಾನು ಮತ್ತು ಟಿಪ್ಪುವಿನ ಹುಲಿ



ಪ್ರವಾಸಕ್ಕೆ ಶ್ರೀರಂಗಪಟ್ಟಣಕ್ಕೆ ಹೋದಾಗ ದರಿಯಾ ದೌಲತ್ ಅರಮನೆಯ ಗೋಡೆ ಮೇಲೆ ದೊಡ್ಡ ಯುದ್ಧದ ಚಿತ್ರ ನೋಡಿದ್ದು ನೆನಪಿದೆಯಾ? ಇಂಗ್ಲಿಷರ ಸಿಪಾಯಿಗಳ ನಡುವೆ ಅವರ ಸೇನಾಧಿಕಾರಿ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಅದು 1780ರ ಪೊಲ್ಲಿಲೂರು ಯುದ್ಧ. ಆ ಯುದ್ಧಕ್ಕೆ ಸಂಬಂಧಪಟ್ಟ ಇನ್ನೊಬ್ಬನಿದ್ದಾನೆ. ಅವನೇ ಸ್ಕಾಟ್ಲೆಂಡಿನ ಜಮೀನ್ದಾರ ಸರ್ ಹೆಕ್ಟರ್ ಮನ್ರೋ. (ಸಮಾಜ ಪಾಠದಲ್ಲಿ ಬರುವ ಥಾಮಸ್ ಮನ್ರೋ ಬೇರೆ, ಇವನು ಬೇರೆ.)

ಹೆಕ್ಟರ್ ಹುಟ್ಟಿದ್ದು 1726ರಲ್ಲಿ. ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿರುವ ನೋವರ್ ಎಂಬ ಎಸ್ಟೇಟಿಗೆ ಅವನು ಒಡೆಯ. ಸೈನ್ಯ ಸೇರಿ ನಮ್ಮ ದೇಶಕ್ಕೆ ಬಂದ. 1764ರಲ್ಲಿ ಕಂಪನಿಯ ಭಾರತೀಯ ಸಿಪಾಯಿಗಳು ದಂಗೆ ಎದ್ದಾಗ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಫಿರಂಗಿ ಬಾಯಿಗೆ ಕಟ್ಟಿಸಿ ಕೊಲ್ಲಿಸಿದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಕ್ಸಾರ್ ಯುದ್ಧ ಗೆದ್ದ. ಊರಿಗೆ ಮರಳಿ 1768ರಿಂದ ಪಾರ್ಲಿಮೆಂಟ್ ಸದಸ್ಯನೂ ಆದ.

ಮತ್ತೆ ಮದರಾಸಿಗೆ ಬಂದಾಗ ಅವನ ಅದೃಷ್ಟ ಕೈಕೊಟ್ಟಿತು. ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಸೇರಿ ಬೈಲಿಯ ದಂಡನ್ನು ಸುತ್ತುವರಿದರು. ಮನ್ರೋ ಕೆಲವೇ ಮೈಲಿ ದೂರದ ಕಂಚಿಯಲ್ಲಿದ್ದ. ಆದರೂ ಹೊತ್ತಿಗೆ ಸರಿಯಾಗಿ ನೆರವಿಗೆ ಹೋಗಲಿಲ್ಲ. ಬೈಲಿಯ ದಂಡು ನಾಶವಾದ ಸುದ್ದಿ ಕೇಳಿ, ತನ್ನ ದೊಡ್ಡ ಫಿರಂಗಿಗಳನ್ನು ಕೆರೆಗೆ ಎಸೆಸಿ ಮದರಾಸಿಗೆ ಓಡಿದ! ಸೆರೆ ಸಿಕ್ಕ ಬೈಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ.

1781ರಲ್ಲಿ ಮನ್ರೋ ಡಚ್ಚರಿಂದ ನಾಗಪಟ್ಟಣ ಗೆದ್ದುಕೊಂಡು ತನ್ನ ಊರಿಗೆ ಹೋದ. ಆಗ ಅಲ್ಲಿನ ಬಡವರಿಗೆ ಕೆಲಸ ಇರಲಿಲ್ಲ. ಕೂಲಿ ಸಿಗಲಿ ಅಂತ ಫೈರಿಷ್ ಗುಡ್ಡದ ತುದಿಯಲ್ಲಿ ನಾಗಪಟ್ಟಣದ ಕೋಟೆ ಬಾಗಿಲಿನ ಮಾದರಿಯಲ್ಲಿ ಕಲ್ಲಿನ ಕಮಾನು ಕಟ್ಟಿಸಿದ. ಕೆಲಸ ಬೇಗ ಮುಗಿಯಬಾರದು ಅಂತ ಅವನೇ ಕಲ್ಲುಗಳನ್ನು ಕೆಳಕ್ಕೆ ಉರುಳಿಸಿ, ಮತ್ತೆ ಹೊರಿಸಿ ಕೂಲಿ ಕೊಡ್ತಿದ್ದನಂತೆ. ಇದು ಆ ಊರಿನವರು ಹೇಳುವ ಕಥೆ. ಕಮಾನು ಮಾತ್ರ ಈಗಲೂ ಇದೆ.

1792ರಲ್ಲಿ ಬಂಗಾಳದ ಸಾಗರ್ ದ್ವೀಪದಲ್ಲಿ ಅವನ ಮಗನನ್ನು ಹುಲಿ ಹೊತ್ತೊಯ್ದು ಕೊಂದಿತು. ಟಿಪ್ಪು ಮಾಡಿಸಿದ ಮರದ ಹುಲಿ ಬೊಂಬೆಗೆ ಈ ಘಟನೆಯೇ ಕಾರಣವಿರಬಹುದು ಅಂತ ಕೆಲವರು ಹೇಳ್ತಾರೆ. ಅದರಲ್ಲಿ ಹುಲಿ ಬಿಳಿಯನ ಮೇಲೆ ಎರಗಿದೆ. ಹಿಡಿ ತಿರುಗಿಸಿದರೆ ಹುಲಿ ಗರ್ಜಿಸುತ್ತೆ, ಮನುಷ್ಯ ನರಳುತ್ತಾನೆ. 1799ರಲ್ಲಿ ಇಂಗ್ಲಿಷರು ಅದನ್ನು ಕೊಂಡೊಯ್ದರು. ಈಗ ಅದು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ತನ್ನ ಊರಿನ ಬಡವರಿಗೆ ಅನ್ನ ಕೊಟ್ಟವನೇ ನಮ್ಮ ಸಿಪಾಯಿಗಳನ್ನು ಫಿರಂಗಿ ಬಾಯಿಗೆ ಕಟ್ಟಿಸಿದ. ಅವನು ಊರಿಗೆ ಒಯ್ದ ಹಣ ಇಲ್ಲಿ ಮಾಡಿದ ಯುದ್ಧಗಳಿಂದ ಬಂದದ್ದು. ಹಾಗಾದರೆ ಅವನನ್ನು ಒಳ್ಳೆಯವನು ಅನ್ನೋಣವೇ, ಕೆಟ್ಟವನು ಅನ್ನೋಣವೇ? ನನಗನಿಸುವುದು, ಎರಡನ್ನೂ ಮರೆಯದೆ ಹೇಳುವುದೇ ಇತಿಹಾಸ. ನೀವೇನು ಹೇಳ್ತೀರಿ? ಮುಂದಿನ ಸಂಚಿಕೆಗೆ ಬರೆದು ಕೊಡಿ.