ಮನೆಯ ವಿದ್ಯುತ್ತೂ ಗಾಯನದ ಶುದ್ಧಿಯೂ

ಪ್ರಾತಃಕಾಲದಲ್ಲಿ ವಚನಗಾಯನವನ್ನು ಆಲಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಉಳಿದು ಬಂದಿದೆ. ಪಂಡಿತ ಬಸವರಾಜ ರಾಜಗುರುಗಳು 1991ರಲ್ಲಿಯೂ, ಪಂಡಿತ ಮಲ್ಲಿಕಾರ್ಜುನ ಮನಸೂರರು 1992ರಲ್ಲಿಯೂ ನಮ್ಮನ್ನಗಲಿದರು. ಇಂದು ಅವರ ಕಂಠವನ್ನು ಕೇಳಬೇಕಾದರೆ ಧ್ವನಿಮುದ್ರಣವೇ ಗತಿ. ಅಂಥ ಗಾಯನದ ಹಿಂದೆ ‘ಗುಂಯ್’ ಎಂಬ ಸದ್ದು ಸೇರಿಕೊಂಡರೆ ಆಲಿಸುವ ಮನಸ್ಸಿಗೆ ಕಿರಿಕಿರಿಯಾಗುವುದು ಸಹಜ. ಆದರೆ ಆ ಸದ್ದನ್ನು ನಿಲ್ಲಿಸಲು ಕೆಲವರು ಅನುಸರಿಸುವ ಉಪಾಯವು ಪ್ರಾಣಕ್ಕೇ ಎರವಾಗಬಲ್ಲದು. ಈ ಲೇಖನಕ್ಕೆ ಅದೇ ಕಾರಣ.

ಕೆಲವು ವರ್ಷಗಳ ಹಿಂದೆ ಪರಿಚಿತ ಗೃಹಸ್ಥರೊಬ್ಬರ ಮನೆಗೆ ಹೋಗಿದ್ದೆವು. “ಗುರುಗಳೇ, ಪ್ಲಗ್ಗಿನ ದೊಡ್ಡ ಕಡ್ಡಿಯನ್ನು ತೆಗೆಸಿಬಿಟ್ಟೆ, ಗುಂಯ್‌ಗುಟ್ಟುವುದು ನಿಂತೇಹೋಯಿತು” ಎಂದು ಅವರು ಸಂತೋಷದಿಂದ ಹೇಳಿದರು. ಮರುದಿನ ಅವರ ಮನೆಯವರು ಒದ್ದೆ ಬಟ್ಟೆಯಿಂದ ಆಂಪ್ಲಿಫೈಯರ್ ಒರೆಸಹೋದಾಗ ಕೈಗೆ ವಿದ್ಯುತ್ತು ತಗುಲಿ ಹಿಂದಕ್ಕೆ ಬಿದ್ದರು. ದೈವವಶಾತ್ ಅಪಾಯವಾಗಲಿಲ್ಲ. ಆ ಬಳಿಕ ಬಂದ ಎಲೆಕ್ಟ್ರಿಷಿಯನ್ನರು ವಿವರಿಸಿ ಹೇಳಿದಾಗಲೇ ನಮಗೂ ವಿಷಯ ಸ್ಪಷ್ಟವಾಯಿತು.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತನಗಳುಳ್ಳ ವಿದ್ಯುತ್ತು. ಆ ಮನೆಯಲ್ಲಿ ಹಾಡುಗಳಿದ್ದ ಕಂಪ್ಯೂಟರನ್ನು ಒಂದು ಗೋಡೆಯ ಸಾಕೆಟ್ಟಿಗೂ, ಆಂಪ್ಲಿಫೈಯರನ್ನು ಮತ್ತೊಂದು ಗೋಡೆಯ ಸಾಕೆಟ್ಟಿಗೂ ಜೋಡಿಸಿದ್ದರು. ಎರಡರ ಅರ್ಥಿಂಗ್ ತಂತಿಗಳು ಗೋಡೆಯೊಳಗೆ ಕೂಡುತ್ತವೆ. ಹಾಡನ್ನು ಒಯ್ಯುವ ತಂತಿಯು ಹೊರಗಿನಿಂದ ಎರಡನ್ನೂ ಕೂಡಿಸುತ್ತದೆ. ಹೀಗೆ ಒಂದು ಬಳೆಯಂತೆ ಮುಚ್ಚಿದ ದಾರಿ ಏರ್ಪಟ್ಟು, ಅದರಲ್ಲಿ ಹರಿಯುವ ಅಲ್ಪ ವಿದ್ಯುತ್ತೇ ಹಾಡಿನೊಡನೆ ಬೆರೆತು ‘ಗುಂಯ್’ ಎಂದು ಕೇಳಿಸುತ್ತದೆ. ದೊಡ್ಡ ಕಡ್ಡಿಯನ್ನು ತೆಗೆದರೆ ಬಳೆ ತುಂಡಾಗಿ ಸದ್ದು ನಿಲ್ಲುವುದು ನಿಜ. ಆದರೆ ಯಂತ್ರದೊಳಗೆ ಕೆಟ್ಟ ತಂತಿಯೊಂದು ಲೋಹದ ಕವಚಕ್ಕೆ ತಾಗಿದಾಗ, ಆ ವಿದ್ಯುತ್ತನ್ನು ಭೂಮಿಗೆ ಹರಿಸಿ ಫ್ಯೂಸು ಹಾರುವಂತೆ ಮಾಡುವುದೂ ಅದೇ ಕಡ್ಡಿಯೇ. ಅದಿಲ್ಲದಿದ್ದರೆ ಮುಟ್ಟಿದವರ ದೇಹವೇ ಭೂಮಿಗೆ ದಾರಿಯಾಗುತ್ತದೆ.

ಪರಿಹಾರವು ಸುಲಭವಾಗಿಯೇ ಇದೆ. ಪರಸ್ಪರ ಜೋಡಿಸಿದ ಯಂತ್ರಗಳೆಲ್ಲಕ್ಕೂ ಒಂದೇ ಸ್ವಿಚ್ ಬೋರ್ಡಿನಿಂದ ವಿದ್ಯುತ್ತು ಕೊಡಬೇಕು. ಹಾಡಿನ ತಂತಿಯನ್ನು ವಿದ್ಯುತ್ ತಂತಿಯ ಜೊತೆಗೂಡಿಸಿ ಕಟ್ಟಬಾರದು. ಇಷ್ಟಾದರೂ ಸದ್ದು ನಿಲ್ಲದಿದ್ದರೆ, ಹಾಡಿನ ತಂತಿಯ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಎಂಬ ಚಿಕ್ಕ ಸಾಧನವನ್ನು ಹಾಕಿಸಬಹುದು. ಆ ಗೃಹಸ್ಥರ ಮನೆಯಲ್ಲಿ ಹೊಸ ಪ್ಲಗ್ ಹಾಕಿಸಿ, ಎರಡು ಯಂತ್ರಗಳನ್ನೂ ಒಂದೇ ಬೋರ್ಡಿಗೆ ಜೋಡಿಸಿದೊಡನೆ ಸದ್ದು ಅಡಗಿತು.

ವೋಲ್ಟೇಜಿನ ಏರಿಳಿತವೂ ಧ್ವನಿಯನ್ನು ಕೆಡಿಸಬಲ್ಲದು. ಹಳೆಯ ಮಾದರಿಯ ಆಂಪ್ಲಿಫೈಯರಿಗೆ 230ರ ಬದಲು 180 ವೋಲ್ಟು ಬಂದರೆ, ಅದರ ಗರಿಷ್ಠ ಸಾಮರ್ಥ್ಯವು 100 ಪಾಲಿನಲ್ಲಿ ಸುಮಾರು 61 ಪಾಲಿಗೆ ಇಳಿಯುತ್ತದೆ. ಮೆಲುದನಿಯಲ್ಲಿ ಇದು ತಿಳಿಯದು. ಗಾಯಕರು ತಾರಸಪ್ತಕಕ್ಕೆ ಏರಿದಾಗ ಧ್ವನಿ ಒಡೆಯುತ್ತದೆ. ಆವರ್ತನದ ಇಳಿತದ ಪರಿಣಾಮ ಬೇರೆ ಬಗೆಯದು. 1990ರ ದಶಕದಲ್ಲಿ ದಕ್ಷಿಣ ಭಾರತದ ವಿದ್ಯುತ್ ಜಾಲದಲ್ಲಿ ಆವರ್ತನವು 48ರ ಆಸುಪಾಸಿಗೆ ಇಳಿಯುತ್ತಿದ್ದುದುಂಟು. ಆವರ್ತನವನ್ನೇ ಅನುಸರಿಸಿ ತಿರುಗುವ ಮೋಟಾರುಳ್ಳ ರೆಕಾರ್ಡ್ ಪ್ಲೇಯರಿನಲ್ಲಿ, ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ ಆಗ 32 ಸುತ್ತು ಮಾತ್ರ ತಿರುಗುತ್ತಿತ್ತು. ಷಡ್ಜಕ್ಕೂ ಕೋಮಲ ರಿಷಭಕ್ಕೂ ಇರುವ ಅಂತರದ ಮುಕ್ಕಾಲಿಗೆ ಸಮೀಪದಷ್ಟು ಶ್ರುತಿ ತಗ್ಗುತ್ತಿದ್ದುದರಿಂದ, ಜೊತೆಗೆ ಹಾರ್ಮೋನಿಯಂ ನುಡಿಸುವವರಿಗೆ ಸ್ವರ ಕೂಡುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಕೂಡಿಕೊಂಡಿತು. ಈಗಿನ ಮೊಬೈಲು, ಸಿ.ಡಿ. ಯಂತ್ರಗಳ ಶ್ರುತಿಗೆ ಆವರ್ತನದ ಹಂಗಿಲ್ಲ.

ಮನೆಯೊಳಗಿನ ಉಪಕರಣಗಳಿಂದಲೂ ಸದ್ದು ಹುಟ್ಟುವುದುಂಟು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು, ಅಡುಗೆಮನೆಯ ಮಿಕ್ಸರು, ಅಗ್ಗದ ಎಲ್.ಇ.ಡಿ. ದೀಪ ಇವು ಕಿರುಗುಟ್ಟುವ ಸದ್ದನ್ನು ತಂತಿಗೆ ಬಿಡುತ್ತವೆ. ಒಂದೊಂದನ್ನೇ ಆರಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಕರೆಂಟು ಹೋದಾಗ ಮಾತ್ರ ಸದ್ದು ಕೇಳಿಬಂದರೆ ಇನ್ವರ್ಟರಿನತ್ತ ಗಮನ ಹರಿಸಬೇಕು. ಚೌಕ ತರಂಗದ ಇನ್ವರ್ಟರಿಗಿಂತ ಸೈನ್ ತರಂಗದ್ದು ಧ್ವನಿಗೆ ಹಿತಕರ. ಇಷ್ಟನ್ನೂ ನೋಡುವ ಮೊದಲೇ ಸಾವಿರಾರು ರೂಪಾಯಿಯ ವಿದ್ಯುತ್ ತಂತಿಯನ್ನು ಕೊಳ್ಳುವುದು ಸಲ್ಲದು. ಗೋಡೆಯೊಳಗಿನ ದೋಷವನ್ನು ಹೊರಗಿನ ಒಂದು ಗಜ ತಂತಿ ನೀಗಿಸಲಾರದು.

ಆದುದರಿಂದ ವಾಚಕರು ಮೊದಲು ಮಾಡಬೇಕಾದ ಕಾರ್ಯವೆಂದರೆ, ಬಲ್ಲವರಿಂದ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸುವುದು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರೆರೆಯುವುದನ್ನು ಮರೆಯಬಾರದು. 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಸಾಧನವೂ ಮನೆಯಲ್ಲಿರಲಿ. ಮೂರು ಕಡ್ಡಿಯ ಪ್ಲಗ್ಗಿನಿಂದ ಒಂದನ್ನು ಕಿತ್ತವರು ಯಾರಾದರೂ ಇದ್ದರೆ ಇಂದೇ ಹೊಸದನ್ನು ಹಾಕಿಸಲಿ. ಗಾಯನದಲ್ಲಿ ತುಸು ಸದ್ದು ಉಳಿದರೆ ಸಹಿಸಬಹುದು; ಮನೆಯ ಜನರ ಪ್ರಾಣವನ್ನು ಅದಕ್ಕಾಗಿ ಪಣವೊಡ್ಡಬಾರದೆಂದು ನಮ್ಮ ವಿನಂತಿ.