ಎರಡು ದುಂಬಿಗಳ ಹಸುರು

ಮಳೆಗಾಲದಲ್ಲಿ ಜಾಲಿಯ ಗಿಡದಿಂದ ಜೀರ್ಜಿಂಬೆಯನ್ನು ಹಿಡಿದು, ನಾಲ್ಕು ಎಲೆಗಳೊಡನೆ ಬೆಂಕಿಪೆಟ್ಟಿಗೆಯಲ್ಲಿಟ್ಟು ಸಾಕಿದ ನೆನಪು ನಮ್ಮಲ್ಲಿ ಅನೇಕರಿಗುಂಟು. ಹುಳು ಸತ್ತರೂ ಅದರ ಹಸುರು ಸಾಯುವುದಿಲ್ಲ. ಸ್ಟರ್ನೊಸೆರ ಕುಲದ ಈ ದುಂಬಿಗಳ ಗಡುಸಾದ ಮೇಲ್‌ರೆಕ್ಕೆಗಳನ್ನು ನಮ್ಮ ದೇಶದ ಕಸೂತಿಗಾರರು ಜರಿಯೊಡನೆ ಹೊಲಿಯುತ್ತಿದ್ದರು. 1903ರ ದಿಲ್ಲಿ ದರ್ಬಾರಿನಲ್ಲಿ ಲೇಡಿ ಕರ್ಜನ್ ಧರಿಸಿದ ಉಡುಪಿನಲ್ಲಿ ಜರಿಯೇನೋ ಕಂದಿದೆ. ದುಂಬಿಯ ರೆಕ್ಕೆ ಇನ್ನೂ ಹೊಳೆಯುತ್ತಿದೆ. ಬಿಸಿಲಿಗೆ ಮಾಸದ ಈ ಬಣ್ಣ ಯಾವುದು?

ಅದು ಬಣ್ಣವೇ ಅಲ್ಲವೆಂದರೆ ತಪ್ಪಾಗದು. ರೆಕ್ಕೆಯನ್ನು ನುಣ್ಣಗೆ ಅರೆದರೆ ಹಸುರು ಪುಡಿ ದೊರೆಯುವುದಿಲ್ಲ. ಹಸುರು ಬೆಳಕಿನ ತರಂಗಾಂತರ ಸುಮಾರು 530 ನ್ಯಾನೊಮೀಟರ್. ಅದರ ಕಾಲುಭಾಗಕ್ಕಿಂತಲೂ ತೆಳುವಾದ ಪದರಗಳು ರೆಕ್ಕೆಯ ಮೇಲ್ಮೈಯಲ್ಲಿ ಒಂದರ ಮೇಲೊಂದು ಒಟ್ಟಿಕೊಂಡಿವೆ. ಪ್ರತಿಯೊಂದು ಪದರದಿಂದಲೂ ಹಿಂದಿರುಗುವ ಅಲೆಗಳಲ್ಲಿ ಹಸುರಿನವು ಹೆಜ್ಜೆಗೆ ಹೆಜ್ಜೆ ಕೂಡಿ ಬಲಗೊಳ್ಳುತ್ತವೆ. ಸೋಪಿನ ಗುಳ್ಳೆಯ ಬಣ್ಣವೂ ಈ ಬಗೆಯದೇ. ರೆಕ್ಕೆಯನ್ನು ಓರೆಮಾಡಿದೊಡನೆ ಹಸುರು ನೀಲಿಯತ್ತ ಸರಿಯುವುದೂ ಇದರಿಂದಲೇ.

ಇಷ್ಟೇ ಸೊಗಸಾದ ಹಸುರನ್ನು ಹೊತ್ತ ಇನ್ನೊಂದು ದುಂಬಿ ಅಮೆರಿಕದ ಅರಿಜೋನ, ಟೆಕ್ಸಾಸ್ ಮತ್ತು ಉತ್ತರ ಮೆಕ್ಸಿಕೋಗಳ ಬೆಟ್ಟಗಳಲ್ಲಿ ಜುನಿಪರ್ ಎಲೆಗಳನ್ನು ತಿಂದು ಬದುಕುತ್ತದೆ. ಹೆಸರು ಕ್ರೈಸಿನ ಗ್ಲೋರಿಯೋಸ; ಹಸುರಿನ ನಡುವೆ ಬೆಳ್ಳಿಯ ಗೆರೆಗಳು. ಇದು ನಮ್ಮ ಸಗಣಿಹುಳುವಿನ ಬಳಗಕ್ಕೆ ಸೇರಿದ್ದು, ಜೀರ್ಜಿಂಬೆಗೆ ಹತ್ತಿರದ ನೆಂಟನಲ್ಲ. ಹಾಗಾದರೆ ಹಸುರಾದರೂ ಒಂದೆಯೇ?

ಅಲ್ಲ. ಇದರ ಚಿಪ್ಪಿನಲ್ಲಿ ಕೈಟಿನ್ ಎಳೆಗಳು ಹಾಳೆಹಾಳೆಯಾಗಿ ಹಾಸಿಕೊಂಡಿವೆ. ಒಂದೊಂದು ಹಾಳೆಯ ಎಳೆಗಳೂ ಕೆಳಗಿನದಕ್ಕಿಂತ ತುಸು ತಿರುಗಿ ನಿಂತಿವೆ. ಸುರುಳಿ ಮೆಟ್ಟಿಲನ್ನು ನೆನೆದರೆ ಸಾಕು. ಬೆಳಕಿನ ಅಲೆಯೂ ಮುಂದೆ ಸಾಗುತ್ತ ಎಡಕ್ಕೋ ಬಲಕ್ಕೋ ಸುತ್ತಬಲ್ಲದು. ಬಿಸಿಲಿನಲ್ಲಿ ಎರಡೂ ಸಮಸಮನಾಗಿ ಬೆರೆತಿರುತ್ತವೆ. ಈ ಸುರುಳಿಯಾದರೋ ಎಡಕ್ಕೆ ಸುತ್ತುವುದನ್ನು ಮಾತ್ರ ಹಿಂದಿರುಗಿಸುತ್ತದೆ. ಇದೇ ಕುಲದ ಚಿನ್ನದ ಬಣ್ಣದ ದುಂಬಿಯೊಂದರಲ್ಲಿ ಈ ವಿಚಿತ್ರವನ್ನು 1911ರಲ್ಲಿ ಮೊದಲು ಕಂಡವನು, ಬೆಳಕಿನ ವೇಗವನ್ನಳೆದು ಖ್ಯಾತನಾದ ಮೈಕೆಲ್ಸನ್.

ನಮ್ಮ ಕಣ್ಣಿಗೆ ಈ ಭೇದ ಕಾಣದು. ಆದರೆ ಇಂದಿನ ಅನೇಕ ಚಿತ್ರಮಂದಿರಗಳಲ್ಲಿ ಮೂರು ಆಯಾಮದ ಚಿತ್ರಕ್ಕೆ ಕೊಡುವ ಕನ್ನಡಕದ ಒಂದು ಗಾಜು ಎಡಸುತ್ತಿನ ಬೆಳಕನ್ನೂ ಇನ್ನೊಂದು ಬಲಸುತ್ತಿನದನ್ನೂ ಒಳಬಿಡುತ್ತದೆ. ಅದನ್ನು ಧರಿಸಿ, ಒಂದೊಂದೇ ಕಣ್ಣನ್ನು ಮುಚ್ಚಿ, ಎರಡು ದುಂಬಿಗಳನ್ನೂ ಮೇಲಿನಿಂದ ನೋಡಿದೆವೆನ್ನಿ. ಜೀರ್ಜಿಂಬೆ ಎರಡು ಗಾಜಿನಲ್ಲೂ ಹಸುರಾಗಿಯೇ ಹೊಳೆಯುತ್ತದೆ. ಅಮೆರಿಕದ ದುಂಬಿಯಾದರೋ ಒಂದರಲ್ಲಿ ಪಚ್ಚೆಯ ಹರಳು, ಇನ್ನೊಂದರಲ್ಲಿ ಮಂಕಾದ ಕಪ್ಪು ಹುಳು!